ಬಳಸದ ಬಾಗಿಲನ್ನು ಜಿಪ್ಸಂ ಬೋರ್ಡಿನಿಂದ ಮುಚ್ಚಬಹುದೇ?

ನಡುಮನೆಗೂ ಕೋಣೆಗೂ ನಡುವೆ ಇರುವ ಬೇಡದ ಬಾಗಿಲನ್ನು ಇಟ್ಟಿಗೆ ಕಟ್ಟದೆ, ಗುರುತು ಕಾಣದಂತೆ ಮುಚ್ಚುವುದು ಹೇಗೆ ಎಂದು ಕೇಳಿದ್ದೀರಿ. ದಾವಣಗೆರೆಯ ನಮ್ಮ ಮನೆಯಲ್ಲಿ ಇದನ್ನು ನಾನೇ ಎರಡು ಸಲ ಮಾಡಿದ್ದೇನೆ. ಎರಡು ಸಲ ಏಕೆಂದರೆ, ಮೊದಲನೆಯದು ಕೆಟ್ಟಿತು.

ಬಾಗಿಲುವಾಡವನ್ನು ಪೂರ್ತಿ ಕಿತ್ತುಬಿಡಿ. ಮರವನ್ನು ಉಳಿಸಿಕೊಂಡು ಅದಕ್ಕೇ ಬೋರ್ಡ್ ಹೊಡೆದರೆ ಒಳಗೆ ಗೆದ್ದಲು ಹತ್ತಿದರೂ ತಿಳಿಯುವುದಿಲ್ಲ. (ಹೊಸ್ತಿಲು ಕಿತ್ತದ್ದಕ್ಕೆ ಅಮ್ಮ ಅರ್ಧ ದಿನ ನನ್ನೊಂದಿಗೆ ಮಾತು ಬಿಟ್ಟಿದ್ದರು.)

ಲೆಕ್ಕ ತಪ್ಪುವುದು ದಪ್ಪದಲ್ಲಿ. ನಮ್ಮದು ಅರ್ಧ ಇಟ್ಟಿಗೆಯ ಗೋಡೆ, ಎರಡೂ ಬದಿಯ ಗಾರೆ ಸೇರಿ 140 ಮಿ.ಮೀ. ಇದೆ. 50 ಮಿ.ಮೀ. ಜಿಐ ಸ್ಟಡ್‌ಗೆ (ಬೋರ್ಡ್ ಹಿಡಿಯುವ, ಸತು ಲೇಪಿಸಿದ ಉಕ್ಕಿನ ನಿಲುಪಟ್ಟಿ) ಎರಡು ಕಡೆಯೂ 12.5 ಮಿ.ಮೀ. ಬೋರ್ಡ್ ಹಾಕಿದರೆ ಆಗುವುದು 75 ಮಾತ್ರ. ಒಂದು ಕಡೆ ಗೂಡಿನಂತೆ ತಗ್ಗು ಉಳಿಯುತ್ತದೆ. ಆದ್ದರಿಂದ ಬೆನ್ನಿಗೆ ಬೆನ್ನು ಕೊಟ್ಟಂತೆ ಎರಡು ಚೌಕಟ್ಟು ನಿಲ್ಲಿಸಿದೆ. ಒಳಗೆ ಗ್ಲಾಸ್‌ವುಲ್ (ಗಾಜಿನ ಎಳೆಯ ಹತ್ತಿ) ತುಂಬಿದ ಮೇಲೆ ಟಿ.ವಿ. ಸದ್ದೂ ತಗ್ಗಿತು. ಬೋರ್ಡಿನ ಮುಖ ಗೋಡೆಗಿಂತ 2 ಮಿ.ಮೀ. ಒಳಗಿರಲಿ, ಟೇಪು ಮತ್ತು ಪುಟ್ಟಿಗೆ ಆ ಜಾಗ ಬೇಕು.

ನನಗೆ ಸಿಕ್ಕಿದ್ದು 6 ಅಡಿಯ ಬೋರ್ಡ್, ಬಾಗಿಲಿನ ಎತ್ತರ 7 ಅಡಿ. ಬೋರ್ಡಿನ ಎರಡು ತುಂಡು ಕೂಡುವಲ್ಲಿ ಹಿಂದೆ ಅಡ್ಡ ಚಾನೆಲ್ (ಲೋಹದ ಪಟ್ಟಿ) ಕೊಡಿ. ಕೆಳಗೆ ಬೋರ್ಡನ್ನು ನೆಲದಿಂದ 10 ಮಿ.ಮೀ. ಎತ್ತಿ ನಿಲ್ಲಿಸಿ. ನಮ್ಮಲ್ಲಿ ನೆಲ ಒರೆಸುವುದೆಂದರೆ ಅರ್ಧ ಬಕೆಟ್ ನೀರು ಚೆಲ್ಲುವುದು. ನೆಲಕ್ಕೆ ತಾಗಿದ ಜಿಪ್ಸಂ ಅದನ್ನು ಬತ್ತಿಯಂತೆ ಹೀರುತ್ತದೆ. ಆ ಸಂದನ್ನು ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಮುಚ್ಚುತ್ತದೆ. ಗಡಿಯಾರಕ್ಕಿಂತ ಭಾರವಾದುದನ್ನು ತೂಗುಹಾಕುವುದಾದರೆ ಮುಚ್ಚುವ ಮುನ್ನವೇ ಸ್ಟಡ್‌ಗಳ ನಡುವೆ ಪ್ಲೈವುಡ್ ತುಂಡು ಬಿಗಿಯಿರಿ.

ಮೊದಲ ಸಲ ಕೆಟ್ಟದ್ದು ಅಂಚಿನಲ್ಲಿ. ಹಳೆಯ ಸುಣ್ಣದ ಮೇಲೆಯೇ ಟೇಪಿಲ್ಲದೆ ಪುಟ್ಟಿ ಬಳಿದಿದ್ದೆ. ಏಪ್ರಿಲ್ ಬಿಸಿಲಿಗೆ ಬಾಗಿಲಿನ ಆಕಾರದಲ್ಲೇ ಬಿರುಕು ಬಿಟ್ಟಿತು, ಯಾರೋ ಪೆನ್ಸಿಲಿನಲ್ಲಿ ಬರೆದಂತೆ. ಎರಡನೆಯ ಸಲ ಸುತ್ತಲೂ ಅರ್ಧ ಅಡಿ ಸುಣ್ಣವನ್ನು ಗಾರೆ ಕಾಣುವವರೆಗೆ ಕೆರೆದೆ, ಜಾಯಿಂಟಿಂಗ್ ಕಾಂಪೌಂಡಿನಲ್ಲಿ (ಬೋರ್ಡಿನ ಸಂದು ತುಂಬುವ ಲೇಪ) ಕಾಗದದ ಟೇಪು ಕೂರಿಸಿದೆ, ಪ್ರತಿ ಪದರ ಪೂರ್ತಿ ಒಣಗಿದ ಮೇಲೆ ಇನ್ನಷ್ಟು ಅಗಲವಾಗಿ ಮೂರು ಸಲ ಎಳೆದೆ. ಎರಡು ಬೇಸಿಗೆ ಕಳೆದಿವೆ, ಗೆರೆ ಮರಳಿಲ್ಲ.

ಹೊರಗೋಡೆಯ ಬಾಗಿಲಾದರೆ ಇದಾವುದೂ ಬೇಡ, ಮೇಸ್ತ್ರಿಯನ್ನು ಕರೆದು ಇಟ್ಟಿಗೆಯನ್ನೇ ಕಟ್ಟಿಸಿ.