ಮಗನಿಗೆ ವಿಕರ್ಣ ಅಂತ ಹೆಸರಿಡಬಹುದಾ?

ಪ್ರಶ್ನೆ: ನಮಗೆ ಗಂಡು ಮಗು ಹುಟ್ಟಿದೆ. ರೋಹಿಣಿ ನಕ್ಷತ್ರ, ಮೂರನೇ ಪಾದ, ‘ವಿ’ ಅಕ್ಷರ ಬಂದಿದೆ. ನೆಂಟರೆಲ್ಲ ವಿಹಾನ್, ವಿವಾನ್ ಅಂತ ಹೇಳುತ್ತಿದ್ದಾರೆ. ಆ ಹೆಸರಿನ ಮಕ್ಕಳು ನಮ್ಮ ಬೀದಿಯಲ್ಲೇ ಬೇಕಾದಷ್ಟು ಇದ್ದಾರೆ. ನನಗೂ ನನ್ನ ಗಂಡನಿಗೂ ವಿಕರ್ಣ ಅನ್ನುವ ಹೆಸರು ತುಂಬಾ ಇಷ್ಟ. ಆದರೆ ನಮ್ಮತ್ತೆ ‘ಕೌರವರ ಹೆಸರು ಬೇಡವೇ ಬೇಡ, ಯುದ್ಧದಲ್ಲಿ ಸತ್ತವನ ಹೆಸರು ಮಗುವಿಗೆ ಯಾಕೆ’ ಅಂತ ಬೇಜಾರು ಮಾಡಿಕೊಂಡಿದ್ದಾರೆ. ಏನು ಮಾಡಲಿ?
— ಓದುಗಿ, ಹಾಸನ

ಉತ್ತರ: ಇಡಿ, ಒಳ್ಳೆಯ ಹೆಸರು. ಆದರೆ ಇಡುವ ಮುಂಚೆ ವಿಕರ್ಣನ ಕಥೆಯನ್ನು ನೀವಿಬ್ಬರೂ ಪೂರ್ತಿ ತಿಳಿದುಕೊಳ್ಳಿ, ಅತ್ತೆಗೂ ಹೇಳಿ.

ದ್ರೌಪದಿಯನ್ನು ಸಭೆಗೆ ಎಳೆದು ತಂದಾಗ ಅವಳು ಒಂದು ಪ್ರಶ್ನೆ ಕೇಳಿದಳು. ತನ್ನನ್ನೇ ಸೋತ ಧರ್ಮರಾಯನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು ಅಂತ. ಭೀಷ್ಮರಂಥವರೇ ಧರ್ಮ ಬಹಳ ಸೂಕ್ಷ್ಮ ಅಂದು ನೇರ ಉತ್ತರ ಕೊಡಲಿಲ್ಲ. ಆಗ ಎದ್ದು ನಿಂತವನು ಧೃತರಾಷ್ಟ್ರನ ಮಗ ವಿಕರ್ಣ. ವಯಸ್ಸಿನಲ್ಲಿ ಚಿಕ್ಕವನು, ಎದುರಿಗೆ ಸ್ವಂತ ಅಣ್ಣಂದಿರೇ ಇದ್ದಾರೆ. ಆದರೂ ಒಂದೊಂದೇ ಕಾರಣ ಕೊಟ್ಟು ಮಾತಾಡಿದ. ಜೂಜಿನ ಚಟದಲ್ಲಿ ಮುಳುಗಿದವನು ಮಾಡಿದ್ದಕ್ಕೆ ಬೆಲೆ ಇಲ್ಲ, ಇವಳು ಐವರಿಗೂ ಹೆಂಡತಿ, ಧರ್ಮರಾಯ ಮೊದಲೇ ತನ್ನನ್ನು ಸೋತಿದ್ದ, ಇವಳನ್ನು ಪಣಕ್ಕಿಡು ಅಂತ ಹೇಳಿಕೊಟ್ಟವನೇ ಶಕುನಿ, ಆದ್ದರಿಂದ ಇವಳನ್ನು ಗೆದ್ದಂತಾಗಲಿಲ್ಲ ಅಂದ. ಇದಕ್ಕಿಂತ ಒಳ್ಳೆಯ ಕಾರಣ ಹೆಸರಿಡೋಕೆ ಬೇಕಾ? ಕರ್ಣ ಅವನನ್ನು ಹುಡುಗಾಟದವನು ಅಂತ ಬೈದು ಕೂರಿಸಿದ, ಅದು ಬೇರೆ ವಿಷಯ.

ಇನ್ನು ಕಷ್ಟದ ಭಾಗ. ಇಷ್ಟೆಲ್ಲ ಹೇಳಿದವನು ಯುದ್ಧ ಬಂದಾಗ ದುರ್ಯೋಧನನ ಪಕ್ಷದಲ್ಲೇ ನಿಂತ. 14ನೇ ದಿನ ಭೀಮನ ಕೈಯಲ್ಲಿ ಸತ್ತ, ಕೊಂದ ಭೀಮನೇ ಅವನಿಗಾಗಿ ದುಃಖಪಟ್ಟ. ಇದನ್ನು ಮಗನಿಂದ ಮುಚ್ಚಿಡಬೇಡಿ. ಹತ್ತು ವರ್ಷ ಆಗುವಷ್ಟರಲ್ಲಿ ಅವನೇ ಮೊಬೈಲಿನಲ್ಲಿ ಹುಡುಕಿ ‘ನಾನು ದುರ್ಯೋಧನನ ತಮ್ಮನಾ’ ಅಂತ ಕೇಳುತ್ತಾನೆ, ಆಗ ತಡವರಿಸೋದಕ್ಕಿಂತ ಮೊದಲೇ ಕಥೆಯಾಗಿ ಹೇಳಿರೋದು ವಾಸಿ. ಸರಿಯಾದ ಮಾತು ಆಡಿದವನು ಮನೆಯವರನ್ನು ಬಿಟ್ಟು ಬರಲಾರದೆ ಹೋದ ಅನ್ನೋದು ಮಕ್ಕಳಿಗೆ ಅರ್ಥವಾಗುತ್ತದೆ.

ಅದು ನಿಮ್ಮ ಮನಸ್ಸಿಗೆ ಚುಚ್ಚಿದರೆ ಯುಯುತ್ಸು ಇದ್ದಾನೆ. ಅವನೂ ಧೃತರಾಷ್ಟ್ರನ ಮಗ, ವೈಶ್ಯ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದವನು. ಯುದ್ಧ ಶುರುವಾಗುವ ಮುಂಚೆ ಧರ್ಮರಾಯ ‘ನಮ್ಮ ಕಡೆ ಬರುವವರು ಬನ್ನಿ’ ಅಂತ ಕರೆದಾಗ ಪಾಂಡವರ ಕಡೆ ನಡೆದು ಬಂದ. ಬದುಕಿ ಉಳಿದ. ಪಾಂಡವರು ಎಲ್ಲ ಬಿಟ್ಟು ಹೊರಟಾಗ ಪರೀಕ್ಷಿತನಿಗೆ ಪಟ್ಟ ಕಟ್ಟಿ ರಾಜ್ಯ ನೋಡಿಕೊಳ್ಳಲು ಒಪ್ಪಿಸಿದ್ದು ಇವನಿಗೇ. ನನಗೆ ವಿಕರ್ಣನಿಗಿಂತ ಇವನ ಮೇಲೇ ಪ್ರೀತಿ ಜಾಸ್ತಿ. ಆದರೆ ನಿಮ್ಮ ಅಕ್ಷರಕ್ಕೆ ಹೊಂದುವುದಿಲ್ಲ, ಅಂಗನವಾಡಿ ಮಗುವಿನ ನಾಲಿಗೆಗೂ ಅದು ಕಷ್ಟ.

ಅತ್ತೆಯ ಭಯದ ಬಗ್ಗೆ ಒಂದು ಮಾತು. ಅಭಿಮನ್ಯು ಚಕ್ರವ್ಯೂಹದಲ್ಲಿ ಸತ್ತಾಗ ಅವನಿಗಿನ್ನೂ ಹದಿನಾರು. ಆ ಹೆಸರನ್ನು ನಮ್ಮ ಜನ ಸಂತೋಷದಿಂದ ಇಡುತ್ತಾರೆ. ಸೀತೆ ಪಟ್ಟ ಪಾಡು ಗೊತ್ತಿದ್ದೂ ಮನೆಮನೆಯಲ್ಲಿ ಸೀತಮ್ಮಂದಿರು ಇದ್ದರು. ಹೆಸರಿನ ಜೊತೆ ಹಣೆಬರಹ ಬರೋದಿಲ್ಲ ಅಂತ ನಮ್ಮ ಹಿರಿಯರೇ ನಡೆದು ತೋರಿಸಿದ್ದಾರೆ ಅಲ್ವಾ? ಇದನ್ನು ವಾದ ಮಾಡಿ ಗೆಲ್ಲೋಕೆ ಹೋಗದೆ ಸಮಾಧಾನವಾಗಿ ಹೇಳಿ. ನಾಮಕರಣದ ದಿನ ತಟ್ಟೆಯ ಅಕ್ಕಿಯಲ್ಲಿ ಬರೆಯೋದು ಒಂದೇ ಹೆಸರೇನಲ್ಲ. ಎಷ್ಟೋ ಮನೆಗಳಲ್ಲಿ ನಕ್ಷತ್ರದ ಹೆಸರು, ತಾತನ ಹೆಸರು, ಕರೆಯುವ ಹೆಸರು ಅಂತ ಎರಡು ಮೂರು ಬರೆಯುತ್ತಾರೆ. ಅದರಲ್ಲಿ ಒಂದನ್ನು ಅತ್ತೆಯೇ ಆರಿಸಲಿ, ಅವರಿಗೆ ಇಷ್ಟವಾದ ಆ ಹೆಸರಿನಿಂದಲೇ ಅವರು ಮೊಮ್ಮಗನನ್ನು ಕರೆಯಲಿ.

ಪ್ರಶ್ನೆ: ನಾನು ಕೊಡಗಿನವಳು, ಈಗ ಮೆಲ್ಬರ್ನ್‌ನಲ್ಲಿದ್ದೇವೆ. ಮಗಳಿಗೆ ಲೋಪಾಮುದ್ರಾ ಅಂತ ಇಡುವ ಆಸೆ. ಇಲ್ಲಿನವರಿಗೆ ಹೇಳೋಕೆ ಬರಲ್ಲ, ಸುಮ್ನೆ ಕಾವೇರಿ ಅಂತಿಡು ಅಂತಾರೆ ಅಮ್ಮ.
— ಒಬ್ಬ ತಾಯಿ

ಉತ್ತರ: ನಿಮ್ಮ ಕಡೆಯ ಕಥೆಯಲ್ಲಿ ಇಬ್ಬರೂ ಒಬ್ಬರೇ. ಕವೇರ ಮುನಿ ಸಾಕಿದ ಲೋಪಾಮುದ್ರೆ ಅಗಸ್ತ್ಯರನ್ನು ಮದುವೆಯಾಗಿ, ತನ್ನನ್ನು ಒಬ್ಬಳನ್ನೇ ಬಿಟ್ಟು ಹೋಗಬಾರದು ಅನ್ನುವ ಮಾತು ಮುರಿದಾಗ ನದಿಯಾಗಿ ಹರಿದಳು. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಜನ ಕಾಯೋದು ಅವಳಿಗೇ. ಇನ್ನೊಂದು ಕಡೆ ಋಗ್ವೇದದ 1ನೇ ಮಂಡಲ, 179ನೇ ಸೂಕ್ತದಲ್ಲಿ ಅವಳ ಮಾತೇ ಇದೆ. ಎಷ್ಟೋ ವರ್ಷ ಹಗಲೂ ರಾತ್ರಿ ದುಡಿದು ದಣಿದೆ, ಮುಪ್ಪು ಮೈಯ ಚೆಲುವನ್ನು ಸವೆಸುತ್ತದೆ, ಗಂಡ ಹೆಂಡತಿಯ ಹತ್ತಿರ ಬರಲಿ ಅಂತ ನೇರವಾಗಿ ಹೇಳುತ್ತಾಳೆ. ಮಹಾಭಾರತದಲ್ಲಿ ಅವಳು ವಿದರ್ಭದ ರಾಜಕುಮಾರಿ, ತನಗೆ ಬೇಕಾದ ಒಡವೆ, ಹಾಸಿಗೆಯನ್ನು ಬಾಯಿ ಬಿಟ್ಟು ಕೇಳಿದವಳು. ಅದಕ್ಕೆ ಬೇಕಾದ ಹಣಕ್ಕಾಗಿಯೇ ಅಗಸ್ತ್ಯರು ಶ್ರೀಮಂತ ರಾಕ್ಷಸ ಇಲ್ವಲನ ಮನೆಗೆ ಹೋಗಿ, ಊಟವಾಗಿ ಬಡಿಸಿದ ಅವನ ತಮ್ಮ ವಾತಾಪಿಯನ್ನು ಜೀರ್ಣಿಸಿಕೊಂಡದ್ದು. ಬಾದಾಮಿಗೆ ವಾತಾಪಿ ಅನ್ನುವ ಹಳೆಯ ಹೆಸರಿದೆ, ಅಲ್ಲಿನ ಕೆರೆ ಇವತ್ತಿಗೂ ಅಗಸ್ತ್ಯ ತೀರ್ಥ. ಊರಿಗೆ ಬಂದಾಗ ಮಗಳಿಗೆ ಎರಡೂ ಜಾಗ ತೋರಿಸಬಹುದು.

ದಾಖಲೆಯಲ್ಲಿ ಪೂರ್ತಿ ಹೆಸರೇ ಇರಲಿ. ಶಾಲೆಯಲ್ಲಿ ಮುದ್ರಾ ಅಂತ ಕರೆಯಲು ನೀವೇ ಮೊದಲ ದಿನ ಹೇಳಿಬಿಡಿ, ಇಲ್ಲದಿದ್ದರೆ ಅವರಿಗೆ ತೋಚಿದಂತೆ ತುಂಡು ಮಾಡುತ್ತಾರೆ.

ಪ್ರಶ್ನೆ: ಹೆಸರು ಇನ್ನೂ ಒಪ್ಪಿಗೆಯಾಗಿಲ್ಲ. ಆಸ್ಪತ್ರೆಯಲ್ಲಿ ಜನನ ಪ್ರಮಾಣಪತ್ರಕ್ಕೆ ಹೆಸರು ಕೇಳುತ್ತಿದ್ದಾರೆ. ಈಗಲೇ ಕೊಡಲೇಬೇಕಾ?
— ಓದುಗ, ಶಿವಮೊಗ್ಗ

ಉತ್ತರ: ಬೇಡ. 21 ದಿನದೊಳಗೆ ಆಗಬೇಕಾದದ್ದು ಜನನದ ನೋಂದಣಿ. ಹೆಸರಿಲ್ಲದೆಯೂ ಅದು ಆಗುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ ತೀರಾ ಎಳೆಯಬೇಡಿ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಹಿಡಿದು ವೋಟರ್ ಪಟ್ಟಿಯವರೆಗೆ ಹುಟ್ಟಿದ ದಿನಕ್ಕೆ ಈ ಪತ್ರವೇ ಆಧಾರ. ಅಪರೂಪದ ಹೆಸರಾದರೆ ಇಂಗ್ಲಿಷ್ ಸ್ಪೆಲಿಂಗ್ ಕಾಗದದ ಮೇಲೆ ಬರೆದುಕೊಂಡೇ ಹೋಗಿ, ಬಾಯಲ್ಲಿ ಹೇಳಿ ಬರೆಸಬೇಡಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನಕ್ಕೆ ಸಿಗುವುದು ಎರಡೇ ಅವಕಾಶ.