ಇಳಿಸಿದ ತೂಕ ಮತ್ತೆ ಏರೀತೆಂಬ ಭಯ

ಪ್ರಶ್ನೆ: ನನಗೆ 48 ವರ್ಷ. ಒಂದೂವರೆ ವರ್ಷ ಪಟ್ಟು ಹಿಡಿದು 82 ಕಿಲೋದಿಂದ 69ಕ್ಕೆ ಇಳಿದಿದ್ದೇನೆ. ಹಿಂದೆ ಎರಡು ಸಲ ಹೀಗೇ ಇಳಿದು ಮತ್ತೆ ದಪ್ಪಗಾಗಿದ್ದೆ. ಈಗ ದಿನಕ್ಕೆ ಮೂರ್ನಾಲ್ಕು ಸಲ ತೂಕ ನೋಡಿಕೊಳ್ಳುತ್ತೇನೆ, ಅರ್ಧ ಕಿಲೋ ಹೆಚ್ಚಿದ್ದರೂ ರಾತ್ರಿ ಊಟ ಬಿಡುತ್ತೇನೆ. ಮುಟ್ಟೂ ಏರುಪೇರಾಗಿದೆ. ಈ ವಯಸ್ಸಿನಲ್ಲಿ ಮೈ ಬಂದರೆ ಇಳಿಯುವುದೇ ಇಲ್ಲವಂತೆ. ಏನು ಮಾಡಲಿ?

ಉತ್ತರ: ನಿಮ್ಮ ಭಯಕ್ಕೆ ಆಧಾರವಿದೆ. ತೂಕ ಇಳಿದಾಗ, ಮೈಯಲ್ಲಿ ಕೊಬ್ಬು ಸಾಕಷ್ಟಿದೆ ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ತಗ್ಗುತ್ತದೆ, ಹಸಿವು ಹುಟ್ಟಿಸುವ ಗ್ರೆಲಿನ್ ಹೆಚ್ಚುತ್ತದೆ. ಒಂದು ವರ್ಷ ಕಳೆದರೂ ಈ ವ್ಯತ್ಯಾಸ ಉಳಿದಿರುವುದು 2011ರ ಒಂದು ಅಧ್ಯಯನದಲ್ಲಿ ಕಂಡುಬಂದಿದೆ. ಹಾಗಾಗಿ ಹಿಂದಿನ ಎರಡು ಸಲದ್ದನ್ನು ನಿಮ್ಮ ಮನೋಬಲದ ಸೋಲೆಂದು ದಯವಿಟ್ಟು ಭಾವಿಸಬೇಡಿ.

ಆದರೆ ‘ಈ ವಯಸ್ಸಿನಲ್ಲಿ ಇಳಿಯುವುದೇ ಇಲ್ಲ’ ಎಂಬ ಮಾತು ನಿಜವಲ್ಲ. ದೇಹ ಶಕ್ತಿ ಬಳಸುವ ವೇಗ, ಗಾತ್ರ ಮತ್ತು ಸ್ನಾಯುವಿಗೆ ಹೋಲಿಸಿ ನೋಡಿದರೆ, 20ರಿಂದ 60 ವರ್ಷದವರೆಗೆ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ ಎಂದು 2021ರ ದೊಡ್ಡ ಅಧ್ಯಯನವೊಂದು ತೋರಿಸಿತು. ಈಗ ಬದಲಾಗುವುದು ಬೇರೆ: ಸ್ನಾಯು ಕರಗುತ್ತದೆ, ಮುಟ್ಟು ನಿಲ್ಲುವ ಕಾಲ ಹತ್ತಿರವಾದಂತೆ ಹೆಣ್ಣು ಹಾರ್ಮೋನು ಈಸ್ಟ್ರೋಜನ್ ತಗ್ಗಿ ಕೊಬ್ಬು ಹೊಟ್ಟೆಯ ಸುತ್ತ ಸೇರುತ್ತದೆ, ನಿದ್ದೆ ಕೆಡುತ್ತದೆ.

ನಿಮ್ಮನ್ನು ದಿನವೂ ಹೆದರಿಸುತ್ತಿರುವ ಆ ಅರ್ಧ ಕಿಲೋವನ್ನು ನೋಡೋಣ. ಒಂದು ಕಿಲೋ ಕೊಬ್ಬು ಸೇರಲು ಸುಮಾರು 7,700 ಕ್ಯಾಲರಿ ಹೆಚ್ಚುವರಿಯಾಗಿ ಬೇಕು. ಬೆಳಿಗ್ಗೆಯಿಂದ ಸಂಜೆಗೆ ಏರಿದ್ದು ನೀವು ತಿಂದ, ಕುಡಿದದ್ದರ ಭಾರ. ಒಂದು ದಿನದಿಂದ ಇನ್ನೊಂದಕ್ಕೆ ಏರಿದ್ದು ಹೆಚ್ಚಾಗಿ ನೀರು: ಉಪ್ಪು ಹೆಚ್ಚಾದರೆ, ಮಲಬದ್ಧತೆಯಾದರೆ, ಮುಟ್ಟು ಹತ್ತಿರವಾದರೆ ಒಂದೆರಡು ಕಿಲೋ ಆಚೀಚೆ ಆಗುವುದುಂಟು. ಅದಕ್ಕಾಗಿ ರಾತ್ರಿ ಊಟ ಬಿಟ್ಟರೆ ಮರುದಿನ ಹಸಿವು ಕೆರಳಿ ಕೈಗೆ ಸಿಕ್ಕಿದ್ದನ್ನು ತಿನ್ನುವಂತಾಗುತ್ತದೆ. ತೂಕ ಮರಳಿಸುವುದು ಎಷ್ಟೋ ಸಲ ಈ ಬಿಡುವ–ಮುಗಿಬೀಳುವ ಚಕ್ರವೇ. ಊಟ ಬಿಡುವುದನ್ನು ಮೊದಲು ನಿಲ್ಲಿಸಿ.

ತೂಕವನ್ನು ಬೆಳಿಗ್ಗೆ ಶೌಚದ ನಂತರ, ಏನೂ ತಿನ್ನುವ ಮುಂಚೆ, ಒಂದೇ ಸಲ ನೋಡಿ ಬರೆದಿಡಿ. ಯಂತ್ರವನ್ನು ಕಣ್ಣಿಗೆ ಬೀಳದಂತೆ ಎತ್ತಿಡಿ. ಏಳು ದಿನದ ಅಂಕಿ ಕೂಡಿಸಿ ಏಳರಿಂದ ಭಾಗಿಸಿ, ವಾರದ ಸರಾಸರಿಯನ್ನು ಹಿಂದಿನ ವಾರದ್ದರ ಜೊತೆ ಮಾತ್ರ ಹೋಲಿಸಿ. ಸರಾಸರಿ 70.5ರವರೆಗೆ ಇದ್ದರೆ ಏನೂ ಮಾಡಬೇಕಿಲ್ಲ. ಅದು ಎರಡು ವಾರ 70.5 ದಾಟಿದರೆ ಊಟದ ಲೆಕ್ಕ ಬರೆಯಲು ಶುರು ಮಾಡಿ. ಅಡುಗೆ ಮಾಡುತ್ತಾ ಬಾಯಿಗೆ ಹಾಕಿಕೊಂಡದ್ದು, ಚಹಾದ ಸಕ್ಕರೆ, ಎಣ್ಣೆ ಎಲ್ಲವೂ ಅದರಲ್ಲಿ ಬರಲಿ; ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲರಿ ಇದೆ. ದಿನಕ್ಕೆ 200–300 ಕ್ಯಾಲರಿ ಕಡಿಮೆ ಮಾಡಿದರೆ ಸಾಕು. 71.5 ದಾಟಿದರೆ ಆಹಾರತಜ್ಞರನ್ನು ಕಾಣಿ. ಇದನ್ನೆಲ್ಲ ಮನಸ್ಸು ಶಾಂತವಾಗಿರುವ ಈಗಲೇ ಬರೆದಿಡಿ, ಗಾಬರಿಯಲ್ಲಿ ತೆಗೆದುಕೊಂಡ ನಿರ್ಧಾರ ಸಾಮಾನ್ಯವಾಗಿ ಅತಿಯಾಗುತ್ತದೆ.

ನಡಿಗೆ ವಾರಕ್ಕೆ ಆರು ದಿನ 45 ನಿಮಿಷ ಇರಲಿ. ಅದಕ್ಕಿಂತ ಹೆಚ್ಚಾಗಿ ಕಡೆಗಣಿಸಲ್ಪಡುವುದು ಸ್ನಾಯುವಿನ ವ್ಯಾಯಾಮ: ವಾರಕ್ಕೆ ಎರಡು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ತಳ್ಳುವುದು, ಭಾರ ಎತ್ತುವುದು. ಪ್ರತಿಯೊಂದನ್ನೂ 8–12 ಸಲದಂತೆ ಎರಡು ಸುತ್ತು ಮಾಡಿ. ಕೊನೆಯ ಎರಡು ಸಲ ಕಷ್ಟವೆನಿಸಬೇಕು, ಸಲೀಸಾದರೆ ಭಾರ ಹೆಚ್ಚಿಸಿ. ಪ್ರೋಟೀನ್ ದಿನಕ್ಕೆ 70–80 ಗ್ರಾಂ, ಮೂರು ಊಟಕ್ಕೆ ಹಂಚಿ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.

ಭಯಕ್ಕೂ ಒಂದು ಅಭ್ಯಾಸವಿದೆ. ನೀವು ಹೆದರಿ ದೂರವಿಟ್ಟ ತಿನಿಸೊಂದನ್ನು ವಾರಕ್ಕೆರಡು ಸಲ, ಮೊದಲೇ ಗೊತ್ತುಮಾಡಿದ ಅಳತೆಯಲ್ಲಿ, ಕೂತು ತಿನ್ನಿ. ತಿನ್ನುವ ಮುಂಚೆ ‘ಸರಾಸರಿ ಇಷ್ಟು ಏರುತ್ತದೆ’ ಎಂಬ ನಿಮ್ಮ ಊಹೆ ಬರೆಯಿರಿ, ವಾರದ ಕೊನೆಗೆ ನಿಜ ಅಂಕಿಯನ್ನು ಪಕ್ಕದಲ್ಲಿ ಬರೆಯಿರಿ. ನಾಲ್ಕೈದು ವಾರ ಹೀಗೆ ಮಾಡಿದರೆ, ಊಹೆಗೂ ನಿಜಕ್ಕೂ ಇರುವ ಅಂತರ ನಿಮ್ಮ ಕೈಬರಹದಲ್ಲೇ ಕಾಣುತ್ತದೆ. ಯಾರ ಸಮಾಧಾನದ ಮಾತಿಗಿಂತಲೂ ಮನಸ್ಸು ಅದನ್ನು ಬೇಗ ನಂಬುತ್ತದೆ.

ಕಾರಣವಿಲ್ಲದೆ ತೂಕ ಏರುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಖಿನ್ನತೆಯ ಮಾತ್ರೆಗಳಿಂದಲೂ ತೂಕ ಏರಬಹುದು. ಆದರೆ ನೀವಾಗಿಯೇ ನಿಲ್ಲಿಸಬೇಡಿ. ತಿಂದದ್ದನ್ನು ವಾಂತಿ ಮಾಡಿಕೊಳ್ಳುವುದು, ಭೇದಿ ಮಾತ್ರೆ ನುಂಗುವುದು, ಇತರರೊಡನೆ ಉಣ್ಣಲು ಅಂಜುವುದು, ದಿನವಿಡೀ ತೂಕದ್ದೇ ಚಿಂತೆ, ಇವುಗಳಲ್ಲಿ ಒಂದಿದ್ದರೂ ತೂಕ ನೋಡುವುದನ್ನೇ ಬಿಟ್ಟು ಮನೋವೈದ್ಯರನ್ನು ಕಾಣಿ.

ಪ್ರಶ್ನೆ: ವಯಸ್ಸು 53. ಸೆಮಾಗ್ಲುಟೈಡ್ ಇಂಜೆಕ್ಷನ್‌ನಿಂದ ತೂಕ ಇಳಿದಿದೆ. ನಿಲ್ಲಿಸಿದರೆ ಎಲ್ಲ ವಾಪಸ್ ಬರುತ್ತದೆಯೇ?

ಉತ್ತರ: ಒಂದು ಪ್ರಮುಖ ಪ್ರಯೋಗದಲ್ಲಿ, ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಸರಾಸರಿ ಮೂರರಲ್ಲಿ ಎರಡು ಪಾಲು ಮರಳಿತು. ಔಷಧ ಅಡಗಿಸಿಟ್ಟಿದ್ದ ಹಸಿವು ಹಿಂದಿರುಗುವುದೇ ಕಾರಣ. ಹಾಗಾಗಿ ತಟ್ಟನೆ ನಿಲ್ಲಿಸದೆ, ಮುಂದುವರಿಸುವುದೋ ಹೇಗೆ ಬಿಡುವುದೋ ಎಂದು ವೈದ್ಯರೊಡನೆ ನಿರ್ಧರಿಸಿ. ಬಿಡುವುದಾದರೆ, ಎರಡು ಮೂರು ತಿಂಗಳು ಮುಂಚೆಯೇ ಸ್ನಾಯುವಿನ ವ್ಯಾಯಾಮವನ್ನೂ ವಾರದ ಸರಾಸರಿ ಬರೆಯುವುದನ್ನೂ ರೂಢಿಸಿಕೊಳ್ಳಿ. ಸಕ್ಕರೆ ಕಾಯಿಲೆಗೆಂದು ತೆಗೆದುಕೊಳ್ಳುತ್ತಿದ್ದರೆ ಉಳಿದ ಮಾತ್ರೆಗಳ ಪ್ರಮಾಣವೂ ಬದಲಾಗಬೇಕಾಗಬಹುದು, ಅದನ್ನು ಕೇಳಲು ಮರೆಯಬೇಡಿ.