ಚಳಿ ಬೇಕೋ, ಹಿಮ ಬೇಕೋ?

ಶಿರಸಿ ತಾಲೂಕಿನ ಓದುಗರೊಬ್ಬರ ಪತ್ರ ಬಂದಿದೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಉದ್ದವಿತ್ತು, ಸ್ವಲ್ಪ ಕತ್ತರಿಸಿದ್ದೇವೆ:

"ಸಂಪಾದಕರಿಗೆ ನಮಸ್ಕಾರ. ನನಗೆ ಇಪ್ಪತ್ತೊಂಬತ್ತು ವರ್ಷ. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಚಳಿಗಾಲ ಅಂದರೆ ಸಣ್ಣವಳಿದ್ದಾಗಿನಿಂದ ಹುಚ್ಚು. ಅಂಗಳದಲ್ಲೊಂದು, ತೋಟದಲ್ಲೊಂದು ಥರ್ಮಾಮೀಟರ್ ಇಟ್ಟಿದ್ದೇನೆ. ಮಳೆ ಮಾಪಕವೂ ಇದೆ. ದಿನಾ ಬರೆದಿಡುತ್ತೇನೆ. ಮನಾಲಿಯಲ್ಲಿ ಹಿಮ ಬೀಳುವುದನ್ನು ನೋಡಿ ಬಂದ ಮೇಲೆ ಇಲ್ಲಿನ ಚಳಿ ಸಪ್ಪೆ ಅನಿಸುತ್ತಿದೆ. ಹಿಮ ಜಾಸ್ತಿ ಇರುವ ಊರಿಗೇ ಹೋಗಿ ನೆಲೆಸೋಣ ಅಂತಿದ್ದೇನೆ. ಲೇಹ್, ಮನಾಲಿ, ಗುಲ್ಮಾರ್ಗ್, ಯಾವುದು ಒಳ್ಳೆಯದು? ನಮ್ಮ ಕಂಪನಿಯ ಕೆಲಸ ಜಪಾನಿನ ಸಪ್ಪೊರೊದಲ್ಲೂ ಇದೆ, ಮುಂದೆ ಅಲ್ಲಿಗೂ ಕಳಿಸಬಹುದು. ಅಪ್ಪಯ್ಯ ಏನೂ ಹೇಳುತ್ತಿಲ್ಲ. ಆಯಿ ಮಾತ್ರ, 'ಚಳಿ ಬೇಕಾದರೆ ಬೆಳಗಿನ ಜಾವ ಎದ್ದು ಕೊಟ್ಟಿಗೆಗೆ ಬಾ' ಅಂತಾಳೆ."

ಆಯಿಯ ಮಾತು ಓದಿ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಆದರೆ ಅವರು ಹೇಳಿದ್ದು ಚಳಿಯ ಬಗ್ಗೆ, ನೀವು ಕೇಳಿದ್ದು ಹಿಮದ ಬಗ್ಗೆ. ನಿಮ್ಮ ಪತ್ರದಲ್ಲಿ ಇವೆರಡೂ ಕಲಸಿಹೋಗಿವೆ. ಮೊದಲು ಅದನ್ನು ಬಿಡಿಸಿಕೊಳ್ಳಿ. ಊರು ಆರಿಸುವುದು ಆಮೇಲಿನ ಮಾತು.

ನೀವು ಮೊದಲು ಬರೆದ ಹೆಸರು ಲೇಹ್. ಚಳಿಗೆ ಅದನ್ನು ಮೀರಿಸುವ ಪೇಟೆಗಳು ನಮ್ಮ ದೇಶದಲ್ಲಿ ಕಮ್ಮಿ. ಸುಮಾರು 3,500 ಮೀಟರ್ ಎತ್ತರ, ಜನವರಿ ರಾತ್ರಿಗಳಲ್ಲಿ ಸೊನ್ನೆಯಿಂದ ಹತ್ತು ಡಿಗ್ರಿ ಕೆಳಗೆ ಹೋಗುವುದು ಅಲ್ಲಿ ಸುದ್ದಿಯೇ ಅಲ್ಲ. ಆದರೆ ಹಿಮ? ಮಳೆ, ಹಿಮ ಎಲ್ಲ ಸೇರಿಸಿದರೂ ಲೇಹ್‌ಗೆ ವರ್ಷಕ್ಕೆ ಸಿಗುವುದು ಸುಮಾರು 100 ಮಿಲಿಮೀಟರ್ ನೀರು. ನಿಮ್ಮ ಮಾಪಕದಲ್ಲಿ ಜುಲೈಯ ಒಂದು ಜೋರು ದಿನಕ್ಕೆ ಅಷ್ಟು ತುಂಬುತ್ತದೆ, ಅಲ್ವಾ? ಹಿಮಾಲಯದ ಸಾಲುಗಳು ಮೋಡವನ್ನು ಮೊದಲೇ ಹಿಂಡಿಬಿಟ್ಟಿರುತ್ತವೆ, ಆಚೆ ಹೋಗುವುದು ಒಣ ಗಾಳಿ. ಅಲ್ಲಿನ ಹಳೆ ಮನೆಗಳ ಮಾಡು ನೋಡಿದರೇ ಗೊತ್ತಾಗುತ್ತದೆ. ಮಣ್ಣಿನದು, ಚಪ್ಪಟೆ. ಹಿಮ ರಾಶಿ ಬೀಳುವ ಊರಿನಲ್ಲಿ ಸಾಮಾನ್ಯವಾಗಿ ಹಾಗೆ ಕಟ್ಟುವುದಿಲ್ಲ. ಕಾಶ್ಮೀರ ಕಣಿವೆಗೆ ಇಳಿದರೆ ಮಾಡೆಲ್ಲ ಕಡಿದಾದ ತಗಡು. ಹೊಸ ಊರಿಗೆ ಹೋದಾಗ ಹೋಟೆಲಿನವರನ್ನು ಕೇಳುವ ಮೊದಲು ತಲೆ ಎತ್ತಿ ಮಾಡು ನೋಡಿ.

ಹಿಮಕ್ಕೆ ಚಳಿ ಎಷ್ಟು ಬೇಕೋ ನೀರೂ ಅಷ್ಟೇ ಬೇಕು. ಗಾಳಿ ಎಲ್ಲಿಂದಲೋ ತೇವ ಹೊತ್ತು ತರಬೇಕು, ಒಂದು ಬೆಟ್ಟ ಅದನ್ನು ತಡೆದು ಮೇಲೆತ್ತಬೇಕು. ಇದನ್ನು ಘಟ್ಟದ ಮೇಲಿನವರಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ. ಅರಬ್ಬಿ ಸಮುದ್ರದ ಗಾಳಿ ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತುವಾಗ ಏನು ಮಾಡುತ್ತದೆ ಎಂದು ನೀವು ಪ್ರತಿ ಜೂನ್‌ನಲ್ಲೂ ಬರೆದಿಡುತ್ತೀರಿ. ಅದೇ ಗಾಳಿ ಹುಬ್ಬಳ್ಳಿ ಮುಟ್ಟುವಾಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಜಪಾನಿನಲ್ಲಿ ಇದೇ ಆಟ ಚಳಿಗಾಲದಲ್ಲಿ ನಡೆಯುತ್ತದೆ. ಸೈಬೀರಿಯಾದಿಂದ ಕೊರೆಯುವ ಒಣ ಗಾಳಿ ಹೊರಡುತ್ತದೆ. ನಡುವೆ ಜಪಾನ್ ಸಮುದ್ರ. ದಕ್ಷಿಣದಿಂದ ಬರುವ ಬೆಚ್ಚಗಿನ ಪ್ರವಾಹ ಇರುವುದರಿಂದ ಅದರ ನೀರು ಗಾಳಿಗಿಂತ ಎಷ್ಟೋ ಬಿಸಿ. ಗಾಳಿ ಅಲ್ಲಿ ತೇವ ಕುಡಿದು, ಆಚೆ ದಡದ ಬೆಟ್ಟಕ್ಕೆ ಬಡಿದು, ಅಷ್ಟನ್ನೂ ಹಿಮವಾಗಿ ಸುರಿಯುತ್ತದೆ. ಬೆಟ್ಟದ ಇನ್ನೊಂದು ಮಗ್ಗುಲಲ್ಲಿರುವ ಟೋಕಿಯೋದಲ್ಲಿ ಅದೇ ದಿನ ಬಿಸಿಲು! ಸುಮಾರು 20 ಲಕ್ಷ ಜನರಿರುವ ಸಪ್ಪೊರೊದಲ್ಲಿ ಒಂದು ಚಳಿಗಾಲಕ್ಕೆ ಸರಾಸರಿ ನಾಲ್ಕೂ ಮುಕ್ಕಾಲು ಮೀಟರ್ ಹಿಮ ಬೀಳುತ್ತದೆ. ಅವೊಮೊರಿ ನಗರದಲ್ಲಿ ಐದೂವರೆ ಮೀಟರ್‌ಗೂ ಜಾಸ್ತಿ. ಇಬುಕಿ ಎಂಬ ಬೆಟ್ಟದಲ್ಲಿ 1927ರ ಫೆಬ್ರವರಿ 14ರಂದು ನೆಲದ ಮೇಲೆ ನಿಂತಿದ್ದ ಹಿಮದ ಆಳ 11.82 ಮೀಟರ್. ಆ ಬೆಟ್ಟದ ಎತ್ತರ 1,400 ಮೀಟರೂ ಇಲ್ಲ. ಇಷ್ಟಾಗಿ ಸಪ್ಪೊರೊದ ಜನವರಿಯ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಮೂರು ಡಿಗ್ರಿಯಷ್ಟೇ ಕೆಳಗೆ. ಲೇಹ್‌ನವರು ಅದನ್ನು ಚಳಿ ಅನ್ನುವುದೇ ಇಲ್ಲ.

ಅಮೆರಿಕದ ಬಫಲೋ ಊರಿನದೂ ಇದೇ ಕತೆ, ಸಮುದ್ರದ ಬದಲು ಈರಿ ಸರೋವರ. ಸರೋವರ ಹೆಪ್ಪುಗಟ್ಟಿದ ಮೇಲೆ ಅದರಿಂದ ಬರುವ ಹಿಮವೂ ಕಡಿಮೆಯಾಗುತ್ತದೆ. ಚಳಿ ಜಾಸ್ತಿಯಾಗಿ ಹಿಮ ಕಮ್ಮಿ! ನಿಮ್ಮಂಥವರಿಗೆ ಇದು ಕುತೂಹಲ ಅನಿಸಬಹುದು ಎಂದು ಹೇಳಿದೆ.

ಈಗ ನಮ್ಮ ದೇಶಕ್ಕೆ ಬರೋಣ. ಹಿಮಾಲಯದ ಚಳಿಗಾಲದ ಹಿಮಕ್ಕೆ ತೇವ ಬರುವುದು ಪಶ್ಚಿಮದಿಂದ. ಮೆಡಿಟರೇನಿಯನ್ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಈ ಮೋಡದ ಅಲೆಗಳಿಗೆ ಹವಾಮಾನ ಇಲಾಖೆಯವರು ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುತ್ತಾರೆ. ಅವು ಮೊದಲು ಬಡಿಯುವುದು ಕಾಶ್ಮೀರದ ಪೀರ್ ಪಂಜಾಲ್ ಸಾಲಿಗೆ. ಗುಲ್ಮಾರ್ಗ್ ಇರುವುದು ಅದರ ಮಡಿಲಲ್ಲೇ, ಸುಮಾರು 2,650 ಮೀಟರ್ ಎತ್ತರದಲ್ಲಿ. ನೀವು ಹೇಳಿದ ಮೂರರಲ್ಲಿ ಹಿಮಕ್ಕೆ ನನ್ನ ಓಟು ಅದಕ್ಕೇ. ಮನಾಲಿ ಪೇಟೆ ಸುಮಾರು 2,050 ಮೀಟರ್. ನೂರು ಮೀಟರ್ ಹತ್ತಿದರೆ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಉಷ್ಣಾಂಶ ಇಳಿಯುತ್ತದೆ ಎಂಬ ಲೆಕ್ಕ ಹಾಕಿ. ಪೇಟೆಯಲ್ಲಿ ಎರಡು ಡಿಗ್ರಿ ಇದ್ದು ಮಳೆ ಪಿರಿಪಿರಿ ಅನ್ನುವಾಗ ಮೇಲೆ ಸೋಲಾಂಗ್‌ನಲ್ಲಿ ಹಿಮ ಬೀಳುತ್ತಿರುತ್ತದೆ. ನಿಮ್ಮಂಥ ಹುಚ್ಚಿನವರಿಗೆ ಹೀಗೆ ಗಡಿಯಲ್ಲಿರುವ ಊರಿಗಿಂತ ಹೊಟ್ಟೆ ಉರಿಸುವುದು ಬೇರೊಂದಿಲ್ಲ. ಇನ್ನು 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಘಟ್ಟದಾಚೆ ಲಾಹೌಲ್ ಕಣಿವೆಯಲ್ಲಿರುವ ಸಿಸ್ಸು, ಕೇಲಾಂಗ್‌ಗಳಿಗೂ ಚಳಿಗಾಲದಲ್ಲಿ ಹೋಗಲು ದಾರಿಯಾಗಿದೆ. ಅದಕ್ಕೂ ಮುಂಚೆ ಲಾಹೌಲ್ ಕಣಿವೆ ವರ್ಷದಲ್ಲಿ ತಿಂಗಳುಗಟ್ಟಲೆ ಹೊರಗಿನವರಿಗೆ ಮುಚ್ಚಿರುತ್ತಿತ್ತು. ಈಗಲೂ ಹಿಮ ಜೋರಾದರೆ ರಸ್ತೆ ಬಂದ್, ಕರೆಂಟ್ ಇಲ್ಲ, ನೆಟ್ ಇಲ್ಲ. ಸೋಮವಾರ ಬೆಳಿಗ್ಗೆ ಮೀಟಿಂಗ್ ಇಟ್ಟಿರುವ ನಿಮ್ಮ ಮ್ಯಾನೇಜರ್‌ಗೆ ಇದನ್ನು ಹೇಳಿ ನೋಡಿ.

ಗುಲ್ಮಾರ್ಗ್‌ನದ್ದೂ ಖಾತ್ರಿ ಇಲ್ಲ. 2024ರ ಜನವರಿಯಲ್ಲಿ ಅಲ್ಲಿ ತಿಂಗಳ ಹೆಚ್ಚಿನ ಭಾಗ ಒಣ ಹುಲ್ಲೇ ಕಾಣುತ್ತಿತ್ತು. ಕಾಶ್ಮೀರಿಗಳು ಚಿಲ್ಲೈ ಕಲಾನ್ ಅನ್ನುವ ನಲವತ್ತು ದಿನಗಳ ಕಡು ಚಳಿ ಡಿಸೆಂಬರ್ 21ಕ್ಕೆ ಶುರುವಾಗುತ್ತದೆ. ಹಿಮ ಬೀಳಬೇಕಾದ ಮುಖ್ಯ ಕಾಲವೇ ಅದು. 2025ರ ಫೆಬ್ರವರಿಯಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಮುಂದೆ ಹಾಕಿದರು. ಮನೆ ಮಾರಿ, ಕೆಲಸ ಬಿಟ್ಟು ಹೋದವರಿಗೆ ಅಂಥ ವರ್ಷ ಸಿಕ್ಕಿದರೆ ಕತೆ ಏನು?

ಇನ್ನು ನಾನು ನಿಜವಾಗಿ ಹೇಳಬೇಕೆಂದಿರುವುದು. ಜೋಗಕ್ಕೆ ಜುಲೈಯಲ್ಲಿ ಬರುವವರನ್ನು ನೀವು ನೋಡಿದ್ದೀರಿ. ರೈನ್‌ಕೋಟ್ ಹಾಕಿ, ಜೋಳ ತಿಂದು, ಆಹಾ ಎಂಥಾ ಮಳೆ ಅಂತ ಫೋಟೋ ತೆಗೆದು ಸಂಜೆ ವಾಪಸ್. ಅದೇ ಮಳೆಯಲ್ಲಿ ನಿಮ್ಮ ಅಪ್ಪಯ್ಯ ಅಡಿಕೆ ಮರ ಹತ್ತುವ ಕೊನೆಗೌಡನಿಗೆ ಕಾಯುತ್ತಾ, ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಒಂದು ಒಣ ಹೊತ್ತು ಸಿಗುತ್ತಾ ಎಂದು ಆಕಾಶ ನೋಡುತ್ತಾ ಕೂತಿರುತ್ತಾರೆ. ಮನಾಲಿಯಲ್ಲಿ ನೀವು ಜೋಗದ ಪ್ರವಾಸಿ. ಅಲ್ಲಿ ನೆಲೆಸಿದ ಮರುದಿನದಿಂದ ಅಪ್ಪಯ್ಯನ ಜಾಗಕ್ಕೆ ಬರುತ್ತೀರಿ. ಹಿಮ ಬಿತ್ತು ಅಂದರೆ ಯಾರೋ ಅದನ್ನು ಎತ್ತಬೇಕು, ಮತ್ತು ಆ ಯಾರೋ ನೀವೇ.

ಎತ್ತುವುದು ಅಂದರೆ ಎಷ್ಟು? ಆಗತಾನೆ ಬಿದ್ದ ಹಗುರ ಹಿಮ ಘನ ಮೀಟರಿಗೆ ಸುಮಾರು ನೂರು ಕಿಲೋ ತೂಗುತ್ತದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಮಾಡಿನ ಮೇಲೆ ಅರ್ಧ ಮೀಟರ್ ನಿಂತರೆ ಐದು ಟನ್. ಒದ್ದೆ ಹಿಮವಾದರೆ ಅದರ ಮೂರು ಪಟ್ಟು. ಜಪಾನಿನ ಹಳ್ಳಿಗಳಲ್ಲಿ ಮಾಡು ಹತ್ತಿ ಹಿಮ ಕೆಡವುವುದು ಚಳಿಗಾಲದ ಮಾಮೂಲಿ ಕೆಲಸ. ಜಾರಿ ಬಿದ್ದು ಸಾಯುವವರು ಪ್ರತಿ ವರ್ಷ ಇದ್ದಾರೆ, ಹೆಚ್ಚಿನವರು ವಯಸ್ಸಾದವರು. ಮಕ್ಕಳೆಲ್ಲ ಟೋಕಿಯೋ ಸೇರಿದ್ದಾರೆ, ಮನೆಯಲ್ಲಿ ಉಳಿದವರು ಇವರೇ. ನಮ್ಮ ಕಡೆಯ ತೋಟದ ಮನೆಗಳ ಸ್ಥಿತಿ ಗೊತ್ತಿರುವವರಿಗೆ ಇದೇನೂ ಹೊಸ ಸುದ್ದಿಯಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬಾಡಿಗೆ ಕೋಣೆಯಲ್ಲಿ ಇದ್ದಿಲು ಕೆಂಡದ ಅಂಗೀಠಿ ಇಟ್ಟುಕೊಂಡು, ಕಿಟಕಿ ಬಾಗಿಲು ಭದ್ರ ಮಾಡಿ ಮಲಗಬೇಡಿ. ನಮ್ಮ ಬಚ್ಚಲೊಲೆ ಎದುರು ಕೂತು ಚಳಿ ಕಾಯಿಸಿದ ಅಭ್ಯಾಸ ಇಲ್ಲಿ ಮೋಸ ಮಾಡುತ್ತದೆ. ಬಚ್ಚಲ ಮನೆಯ ಹೆಂಚಿನ ಸಂದಿಯಿಂದ ಹೊಗೆ, ಗಾಳಿ ಎಲ್ಲ ಆರಾಮಾಗಿ ಆಚೆ ಹೋಗುತ್ತದೆ. ಹಿಮದ ಊರುಗಳಲ್ಲಿ ಚಳಿ ಒಳಗೆ ಬಾರದಂತೆ ಎಲ್ಲ ಮುಚ್ಚಿರುತ್ತಾರೆ. ಹೊಗೆಯಿಲ್ಲದ ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ, ತಲೆ ಭಾರವಾಗಿ ನಿದ್ದೆ ಬಂದ ಹಾಗೆ ಆಗುತ್ತದೆ, ಅಷ್ಟೇ. ಉತ್ತರದಲ್ಲಿ ಪ್ರತಿ ಚಳಿಗಾಲದಲ್ಲೂ ಹೀಗೆ ಇಡೀ ಕುಟುಂಬಗಳೇ ಹೋದ ಸುದ್ದಿ ಬರುತ್ತದೆ. ಹೊಗೆ ಕೊಳವೆ ಹೊರಗೆ ಬಿಟ್ಟಿರುವ ಬುಖಾರಿ ಒಲೆ ಇರುವ ಮನೆಯನ್ನೇ ನೋಡಿ. ಮಲಗುವಾಗ ಅದನ್ನೂ ಆರಿಸಿ.

ಉಳಿದದ್ದು ಸಣ್ಣ ಸಂಗತಿಗಳು. ನಲ್ಲಿ ನೀರು ರಾತ್ರಿ ಹೆಪ್ಪುಗಟ್ಟುತ್ತದೆ, ಹನಿ ಹನಿ ಬಿಟ್ಟು ಮಲಗುತ್ತಾರೆ. ಹಿಮಕ್ಕಿಂತ ಅದು ಕರಗಿ ಮತ್ತೆ ಗಟ್ಟಿಯಾದ ಗಾಜಿನಂಥ ಪದರ ಅಪಾಯ. ಸೊಂಟ ಮುರಿಯುವುದು ಅದರಲ್ಲೇ. ಜಾಗ ಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಹಿಮಾಚಲದಲ್ಲಿ 1972ರ ಭೂ ಸುಧಾರಣಾ ಕಾಯ್ದೆಯ 118ನೇ ಕಲಂ ಇದೆ. ಅಲ್ಲಿನ ಕೃಷಿಕರಲ್ಲದವರು ಸರ್ಕಾರದ ಅನುಮತಿ ಇಲ್ಲದೆ ಜಮೀನು ಕೊಳ್ಳುವಂತಿಲ್ಲ. ಶಿರಸಿಯಲ್ಲಿ ನಿಮ್ಮ ಹೆಸರಿಗೆ ಎಷ್ಟು ಎಕರೆ ತೋಟ ಇದ್ದರೂ ಅಲ್ಲಿ ನೀವು ಕೃಷಿಕರಲ್ಲ. ಬಾಡಿಗೆಗೆ ತೊಂದರೆಯಿಲ್ಲ, ಅದೇ ಒಳ್ಳೆಯದು ಕೂಡ.

ಇಷ್ಟೆಲ್ಲ ಹೇಳಿದ್ದು ಹೋಗಬೇಡಿ ಎನ್ನುವುದಕ್ಕಲ್ಲ. ಪ್ರತಿ ಡಿಗ್ರಿಯನ್ನೂ ಬರೆದಿಡುವ ಒಬ್ಬಳು ಹುಡುಗಿ ನಮ್ಮ ಜಿಲ್ಲೆಯಲ್ಲಿ ಇದ್ದಾಳಲ್ಲ ಎಂದು ನನಗೆ ಖುಷಿಯೇ ಆಯಿತು. ಹೋಗಿ. ಆದರೆ ಮೊದಲ ಸಲ ಡಿಸೆಂಬರ್‌ನಲ್ಲಿ ಹೋಗಬೇಡಿ. ಆಗ ಎಲ್ಲ ಊರೂ ಚಂದ. ಫೆಬ್ರವರಿ ಕೊನೆಯಿಂದ ಮಾರ್ಚ್ ಮುಗಿಯುವವರೆಗೆ ಹೋಗಿ. ನಮ್ಮಲ್ಲಿ ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟಿರುತ್ತದೆ. ಕಾಶ್ಮೀರದಲ್ಲಿ ಆಗಲೂ ಒಳ್ಳೆಯ ಹಿಮ ಬೀಳಬಹುದು, ಶ್ರೀನಗರಕ್ಕೆ ವರ್ಷದಲ್ಲಿ ಜಾಸ್ತಿ ನೀರು ಬರುವ ತಿಂಗಳೇ ಮಾರ್ಚ್. ಜೊತೆಗೆ ಚಳಿಗಾಲದ ಕೊಳಕು ಮುಖವೂ ಕಾಣುತ್ತದೆ: ಎರಡು ತಿಂಗಳ ಕಪ್ಪು ಹಿಮದ ಗುಡ್ಡೆಗಳು, ಮೊಣಕಾಲವರೆಗೆ ಕೆಸರು, ಬೇಸತ್ತ ಜನ. ಅದನ್ನು ನೋಡಿಯೂ ಇಷ್ಟವಾದರೆ ಮುಂದಿನ ವರ್ಷ ಪೂರ್ತಿ ಚಳಿಗಾಲಕ್ಕೆ ಕೋಣೆ ಹಿಡಿಯಿರಿ. ಗುಲ್ಮಾರ್ಗ್‌ನಲ್ಲಿ ಹೋಟೆಲುಗಳೇ ಜಾಸ್ತಿ, ಬಾಡಿಗೆಯೂ ದುಬಾರಿ. ಕೆಳಗಿನ ತಂಗ್‌ಮಾರ್ಗ್‌ನಲ್ಲಿ ವಿಚಾರಿಸಿ. ಸಪ್ಪೊರೊ ಅವಕಾಶ ಬಂದರೆ ಎರಡನೇ ಯೋಚನೆ ಬೇಡ. ನಗರದ ಸೌಕರ್ಯ ಇಟ್ಟುಕೊಂಡು ಅಷ್ಟು ಹಿಮ ಸಿಗುವ ದೊಡ್ಡ ಊರು ಭೂಮಿಯ ಮೇಲೆ ಕಡಿಮೆ.

ಮಳೆ ಮಾಪಕ ತಪ್ಪದೆ ಒಯ್ಯಿರಿ. ಹಿಮಕ್ಕೆ ಅದರ ಆಲಿಕೆ ತೆಗೆದುಬಿಡಬೇಕು, ಇಲ್ಲದಿದ್ದರೆ ಬಾಯಿ ಕಟ್ಟಿಕೊಳ್ಳುತ್ತದೆ. ಒಳಗೆ ಬಿದ್ದ ಹಿಮಕ್ಕೆ ಅಳೆದ ಬಿಸಿ ನೀರು ಹಾಕಿ ಕರಗಿಸಿ, ಒಟ್ಟು ಅಳೆದು, ಹಾಕಿದ ನೀರನ್ನು ಕಳೆಯಿರಿ. ಆಳ ಅಳೆಯಲು ಬಿಳಿ ಬಣ್ಣ ಬಳಿದ ಒಂದು ಪ್ಲೈವುಡ್ ಹಲಗೆ ಬೇಕು, ಗಾಳಿ ಹೆಚ್ಚು ಬೀಸದ ಜಾಗದಲ್ಲಿ ನೆಲದ ಮೇಲೆ ಇಡಿ. ಸ್ಕೇಲ್ ಚುಚ್ಚಿ ಓದಿ, ಒರೆಸಿ, ಮತ್ತೆ ಹೊಸ ಹಿಮದ ಮೇಲೆ ಇಡಿ. ಅಂದಾಜಿಗೆ ಹತ್ತು ಸೆಂಟಿಮೀಟರ್ ಹಿಮಕ್ಕೆ ಒಂದು ಸೆಂಟಿಮೀಟರ್ ನೀರು. ಈ ಲೆಕ್ಕದಲ್ಲಿ ಶಿರಸಿಯ ಸುಮಾರು 2,500 ಮಿಲಿಮೀಟರ್ ಮಳೆಯೆಲ್ಲ ಹಿಮವಾಗಿದ್ದರೆ ಇಪ್ಪತ್ತೈದು ಮೀಟರ್ ಆಗುತ್ತಿತ್ತು. ಅಡಿಕೆ ಮರದ ತುದಿಯೂ ಕಾಣುತ್ತಿರಲಿಲ್ಲ.

ಇನ್ನೊಂದು ಲಾಭವೂ ಇದೆ. ಫೆಬ್ರವರಿ ಕೊನೆಗೆ ನಿಮ್ಮ ಮನೆಯಲ್ಲಿ ಅಡಿಕೆಯ ಕೊನೆಕೊಯ್ಲು ಮುಗಿದಿರುತ್ತದೆ. ಕೈಗೆ ಜನ ಬೇಕಾದ ಹೊತ್ತಿನಲ್ಲಿ ಮಗಳು ಹಿಮ ನೋಡಲು ಹೊರಟಳು ಎಂಬ ಮಾತು ಬರುವುದಿಲ್ಲ. ಅಪ್ಪಯ್ಯ ಸುಮ್ಮನಿರುವುದಕ್ಕೆ ಕಾರಣ ಅದೂ ಇರಬಹುದು, ಒಮ್ಮೆ ಕೇಳಿ ನೋಡಿ. ಹೋಗಿ ಬಂದ ಮೇಲೆ ನಿಮ್ಮ ಅಂಕಿಗಳನ್ನು ನಮಗೆ ಕಳಿಸಿ, ಅಚ್ಚು ಹಾಕುತ್ತೇವೆ. ತೋಟದ ಥರ್ಮಾಮೀಟರಿನದೂ ಇರಲಿ. ತಣ್ಣನೆ ಗಾಳಿ ರಾತ್ರಿ ಕಣಿವೆಗೆ ಇಳಿದು ನಿಲ್ಲುವುದರಿಂದ ಅಂಗಳಕ್ಕೂ ತೋಟಕ್ಕೂ ಎಷ್ಟು ವ್ಯತ್ಯಾಸ ಬರುತ್ತದೆ ಎಂದು ನೋಡುವ ಆಸೆ ನನಗೂ ಇದೆ.

— ಸಂ.